ಗೋಡೆಗೆ ಮುಖ ಮಾಡಿದ ಯಜಮಾನರು

ನಾನು ಓದಿದ ಕಾನ್ವೆಂಟಿನಲ್ಲಿ ಮನುಷ್ಯನ ದೇಹಕ್ಕೆ ತಲೆ, ಕೈ, ಕಾಲು ಮಾತ್ರ ಇದ್ದವು. ಕುತ್ತಿಗೆಯ ಕೆಳಗಿನಿಂದ ಮೊಣಕಾಲಿನ ತನಕ ಏನಿದೆ ಎಂದು ಸಿಸ್ಟರುಗಳು ಹೇಳಲಿಲ್ಲ, ನಾವೂ ಕೇಳಲಿಲ್ಲ. ಯಾರೂ ಹೊಕ್ಕು ನೋಡದ ಕಾಡಿಗೆ ಭೂಪಟದಲ್ಲಿ ಹಸಿರು ಬಳಿದು ಬಿಡುವಂತೆ ಆ ಪ್ರದೇಶಕ್ಕೆ ನೀಲಿ ಯೂನಿಫಾರ್ಮ್ ತೊಡಿಸಿ ಬಿಟ್ಟಿದ್ದರು. ನಮ್ಮ ಮೇಲಿನ ಮನೆಯ ಅಕ್ಕನ ಉದ್ಯೋಗವೆಲ್ಲ ಆ ಪ್ರದೇಶದಲ್ಲೇ. ವಯಸ್ಸಾದವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಒಂದು ಹೋಮಿನಲ್ಲಿ ಅವಳು ನರ್ಸಿಂಗ್ ಸಹಾಯಕಿ. ಎದ್ದು ಹೋಗಲಾರದವರನ್ನು ಮಲಗಿದಲ್ಲೇ ತೊಳೆಯಬೇಕು, ಒರೆಸಬೇಕು, ಪ್ಯಾಡ್ ಬದಲಿಸಬೇಕು. ಹೊಟ್ಟೆಪಾಡಿಗಾಗಿ ಇನ್ನೊಬ್ಬರ ಹೊಟ್ಟೆಯ ಪಾಡು ನೋಡುವ ಕೆಲಸ ಎಂದು ನಾನೊಮ್ಮೆ ಅಂದಾಗ ಅವಳು ನಗಲಿಲ್ಲ. "ಹೊಟ್ಟೆಗಿಂತ ಸ್ವಲ್ಪ ಕೆಳಗೆ ಕಣ್ರೀ" ಎಂದು ತಿದ್ದಿದಳು.

ಅಕ್ಕ ಹುಟ್ಟು ಪುಕ್ಕಲಿ. ಲಿಫ್ಟಿಗೆ ಹೆದರಿ ಅಷ್ಟೂ ಮಹಡಿ ಮೆಟ್ಟಿಲು ಹತ್ತುತ್ತಾಳೆ. ಕುಕ್ಕರ್ ಕೂಗುವ ಲಕ್ಷಣ ಕಂಡರೆ ಅಡುಗೆಮನೆಯಿಂದ ಹೊರಗೆ ಬಂದು ನಿಲ್ಲುತ್ತಾಳೆ. ಫೋನ್ ಬಂದರೆ ಯಾರೋ ಹೋದರೆಂದೇ ಎತ್ತುತ್ತಾಳೆ. ಅವಳ ಗಂಡ ಬೇಕರಿಯ ಒಲೆಯ ಮುಂದೆ ಕೆಲಸ ಮಾಡುವವನು. ಮೊಣಕೈ ತನಕ ಕೂದಲು ಸುಟ್ಟು ನುಣ್ಣಗಾಗಿದೆ. "ನಾನು ಬೆಂಕಿಗೇ ಹೆದರಲ್ಲ, ಇವಳು ಬೆಂಕಿಪೊಟ್ಟಣಕ್ಕೂ ಹೆದರ್ತಾಳೆ. ಜೋಡಿ ಸರಿಯಾಗಿದೆ" ಅನ್ನುತ್ತಾನೆ.

ಕೆಲಸದಲ್ಲಿ ಮಾತ್ರ ಆ ಹೆದರಿಕೆಯೇ ಅವಳ ಬಂಡವಾಳ. ಸೇರಿದ ಹೊಸದರಲ್ಲಿ ಒಬ್ಬ ಮುದುಕರನ್ನು ಏನೂ ಹೇಳದೆ ಮಗ್ಗುಲಿಗೆ ಹೊರಳಿಸಿದ್ದಳಂತೆ. ಅವರು ಬೀಳುತ್ತಿದ್ದೇನೆಂದುಕೊಂಡು ಗಾಳಿಯಲ್ಲಿ ಕೈ ಬೀಸಿದರು. ಆ ಕಣ್ಣುಗಳನ್ನು ಅವಳು ಎಲ್ಲೋ ನೋಡಿದ್ದಳು, ದಿನಾ ಕನ್ನಡಿಯಲ್ಲಿ. ಅವತ್ತಿನಿಂದ ಯಾರನ್ನು ಮುಟ್ಟುವ ಮೊದಲೂ ಮುಂದೇನು ಮಾಡುತ್ತೇನೆಂದು ಬಾಯಿಬಿಟ್ಟು ಹೇಳುತ್ತಾಳೆ. "ಈಗ ಹೊದಿಕೆ ಸರಿಸ್ತೀನಿ. ಈಗ ಬಿಸಿನೀರಿನ ಬಟ್ಟೆ ಬರುತ್ತೆ. ಈಗ ಎಡಗಡೆ ತಿರುಗ್ತೀವಿ, ನಾನು ಹಿಡ್ಕೊಂಡಿದೀನಿ, ಬೀಳಲ್ಲ." ಹಿಂದುಮುಂದು ನೋಡದೆ ಮಾಡುವ ಕೆಲಸವಲ್ಲ ಅದು, ಹಿಂದುಮುಂದು ನೋಡುವುದೇ ಕೆಲಸ. ಮೊದಲು ಮುಂದೆ, ಆಮೇಲೆ ಹಿಂದೆ. ಹಿಂದೆ ಹೋದ ಬಟ್ಟೆ ಮತ್ತೆ ಮುಂದೆ ಬರಕೂಡದು. ತೊಳೆಯುವಷ್ಟು ಭಾಗ ಮಾತ್ರ ತೆರೆಯಬೇಕು, ಉಳಿದದ್ದು ಹೊದಿಕೆಯ ಕೆಳಗೆ. ಇಷ್ಟನ್ನೂ ಅವಳು ಹೇಳುತ್ತ ಹೇಳುತ್ತ ಮಾಡುತ್ತಾಳೆ. ಹೋಮಿನಲ್ಲಿ ಅವಳಿಗೆ ಕಾಮೆಂಟರಿ ಅಕ್ಕ ಎಂದು ಹೆಸರು ಬಿತ್ತು. ಚಟ ಮನೆಗೂ ಬಂತು. "ಈಗ ದೀಪ ಆರಿಸ್ತೀನಿ" ಎಂದು ಗಂಡನಿಗೆ ಹೇಳದೆ ಅವಳು ದೀಪ ಆರಿಸುವುದಿಲ್ಲ. "ಆರಿಸವ್ವ, ನಾನು ಎಲ್ಲೂ ಬೀಳಲ್ಲ" ಎಂದು ಅವನು ಗೋಡೆ ಕಡೆ ತಿರುಗುತ್ತಾನೆ.

ಅವಳ ಪಾಲಿಗೆ ಬಂದ ಕೋಣೆಗಳಲ್ಲಿ ಕಾರಿಡಾರಿನ ಕೊನೆಯದು ಎಕ್ಸ್‌ಚೇಂಜ್ ಅಮ್ಮನದು. ಒಂದು ಕಾಲದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿನ ಮಾತನ್ನೆಲ್ಲ ಊರಿಗೆ ಜೋಡಿಸಿದವರು. ಈಗ ಅವರ ತಲೆಯೊಳಗಿನ ತಂತಿಗಳೇ ಒಂದಕ್ಕೊಂದು ಸಿಕ್ಕಿಕೊಂಡಿವೆ. ಬೆಳಗಿನ ಚಹಾ ಕುಡಿದದ್ದು ಮರೆಯುತ್ತದೆ, ಮೈ ಒದ್ದೆಯಾದದ್ದು ತಿಳಿಯುವುದಿಲ್ಲ, ಆದರೆ ಮುಟ್ಟಿದರೆ ಭಯ ಮಾತ್ರ ತಕ್ಷಣ ಕನೆಕ್ಟ್ ಆಗುತ್ತದೆ.

"ಯಾರು ಮಾತಾಡ್ತಿರೋದು? ಟ್ರಂಕ್ ಕಾಲಾ?"

"ಟ್ರಂಕ್ ಕಾಲಲ್ಲಮ್ಮ, ನಿಮ್ಮ ಬಲಗಾಲು. ಸ್ವಲ್ಪ ಎತ್ತಬೇಕು."

"ಲೈನು ಕಟ್ ಮಾಡಿ. ಕಟ್ ಮಾಡಿ."

ಒಂದು ದಿನ ಅವರು ಹೊದಿಕೆಯನ್ನು ಗಲ್ಲದ ತನಕ ಎಳೆದುಕೊಂಡು ಬಿಡಲೇ ಇಲ್ಲ. "ಅವರ ಮುಂದೆ ಬೇಡ" ಅಂದರು.

"ಯಾರ ಮುಂದೆ ಅಮ್ಮ? ಇಲ್ಲಿರೋದು ನಾವಿಬ್ರೇ."

ಅಮ್ಮ ಗಲ್ಲದಿಂದಲೇ ತೋರಿಸಿದರು. ಮಂಚದ ಎದುರಿನ ಮೇಜಿನ ಮೇಲೆ ಅವರ ಗಂಡನ ಫೋಟೊ ಇತ್ತು. ಕೋಟು, ದಪ್ಪ ಹುಬ್ಬು, ಯಾರದೋ ತಪ್ಪು ಹುಡುಕುತ್ತಿರುವ ಮುಖ. ಯಜಮಾನರು ತೀರಿಹೋಗಿ ಬಹಳ ಕಾಲವಾಗಿತ್ತು. ಆದರೂ ಡ್ಯೂಟಿ ಬಿಟ್ಟಿರಲಿಲ್ಲ.

"ನಾನು ಹೀಗಾಗಿದೀನಿ ಅಂತ ಅವರಿಗೆ ಗೊತ್ತಿಲ್ಲ" ಎಂದು ಅಮ್ಮ ಪಿಸುಗುಟ್ಟಿದರು. "ಹೇಳಬೇಡ. ನನ್ನ ಮಗನಿಗೂ ಹೇಳಬೇಡ. ಮಾತು ಕೊಡು."

"ಹೇಳಲ್ಲ ಅಮ್ಮ. ಈಗ ಯಜಮಾನರನ್ನ ಗೋಡೆ ಕಡೆ ತಿರುಗಿಸ್ತೀನಿ." ಅಕ್ಕ ಫೋಟೊ ತಿರುಗಿಸಿಟ್ಟಳು. ಅಮ್ಮನ ಮುಷ್ಟಿ ಸಡಿಲಾಯಿತು. ಅವತ್ತಿನಿಂದ ಅದೂ ಕೆಲಸದ ಒಂದು ಭಾಗವಾಯಿತು. ಮೊದಲು ಬಾಗಿಲು, ಆಮೇಲೆ ಪರದೆ, ಆಮೇಲೆ ಯಜಮಾನರು. ಮರೆವು ಬಂದವರಿಗೂ ಮರೆ ಬೇಕು. ತೊಳೆದು, ಒರೆಸಿ, ಬಟ್ಟೆ ತೊಡಿಸಿ, ತಲೆ ಬಾಚಿದ ಮೇಲೆ "ಈಗ ಯಜಮಾನರು ವಾಪಸ್ ಬರ್ತಾರೆ" ಎಂದು ಫೋಟೊ ನೇರ ಮಾಡುತ್ತಿದ್ದಳು. ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಮಾತು ಕೊಟ್ಟಿದ್ದಳು, ಅದಕ್ಕಿಂತ ಹೆಚ್ಚಾಗಿ ಹೇಳುವಂಥದ್ದೇನೂ ಇದೆ ಎಂದು ಅವಳಿಗೆ ಅನ್ನಿಸಿರಲಿಲ್ಲ.

ಅಮ್ಮನ ಮಗ ಅದೇ ಊರಿನವನು. ಕನ್ನಡಕದಂಗಡಿ ಇಟ್ಟುಕೊಂಡವನು, ನಡುವಯಸ್ಸಿನವನು, ರಜೆಯ ದಿನ ತಪ್ಪದೆ ಬಂದು ತಾಯಿಯ ಪಕ್ಕದಲ್ಲಿ ಕೂರುವವನು. ತಂದೆಯದೇ ಹುಬ್ಬು, ತಂದೆಯದೇ ಮುಖ. ಒಮ್ಮೆ ಅವನು ಹೊತ್ತಿಗೆ ಮೊದಲೇ ಬಂದುಬಿಟ್ಟ. ಮುಚ್ಚಿದ ಬಾಗಿಲ ಆಚೆ ನಿಂತವನಿಗೆ ತಾಯಿ "ಕಟ್ ಮಾಡಿ, ಬಿಡಿ ನನ್ನ" ಎಂದು ಕೂಗಿದ್ದು ಕೇಳಿಸಿತು. ಒಳಗೆ ಬಂದಾಗ ತಾಯಿಯ ಕಣ್ಣು ಒದ್ದೆಯಾಗಿತ್ತು. ತೋಳಿನಲ್ಲಿ ಒಂದು ನೇರಳೆ ಕಲೆ. ರಕ್ತ ಪರೀಕ್ಷೆಗೆ ಸೂಜಿ ಚುಚ್ಚಿದ್ದ ಕಲೆ ಅದು. ಆ ವಯಸ್ಸಿನ ಚರ್ಮದ ಮೇಲೆ ಬೆರಳಿಟ್ಟರೂ ಕಲೆ ಬೀಳುತ್ತದೆ. ಅಕ್ಕ ಹಾಗೆಂದು ಹೇಳಿದಳು. ಆದರೆ ಹೆದರಿದವಳು ನಿಜ ಹೇಳಿದರೂ ಸುಳ್ಳು ಹೇಳಿದಂತೆಯೇ ಕೇಳಿಸುತ್ತದೆ.

ಮುಂದಿನ ಸಲ ಅವನು ತಂದೆಯ ಫೋಟೊಗೆ ಹೊಸ ಫ್ರೇಮ್ ತಂದ. ಹಳೆಯದರ ಮೂಲೆ ಬಿಟ್ಟಿತ್ತು ಅಂದ. ಹೊಸದು ಕಪ್ಪಗೆ, ದಪ್ಪಗೆ, ಸ್ವಲ್ಪ ಭಾರ. "ಯಜಮಾನರು ತೂಕ ಜಾಸ್ತಿ ಮಾಡ್ಕೊಂಡಿದಾರೆ" ಎಂದು ಅಕ್ಕ ಅಮ್ಮನಿಗೆ ಹೇಳಿ ಎಂದಿನಂತೆ ತಿರುಗಿಸಿಟ್ಟಳು.

ಅದಾದ ಮೇಲೆ ಮಗನ ನೋಟ ಬದಲಾಯಿತು. ಬಂದರೆ ಅವಳ ಮುಖ ನೋಡುತ್ತಿರಲಿಲ್ಲ, ಕೈಗಳನ್ನೇ ನೋಡುತ್ತಿದ್ದ. ಅಕ್ಕ ಕೈಯನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ಹಾಗೆ ಹಾಕಿಕೊಂಡದ್ದು ಇನ್ನೂ ಕೆಟ್ಟದಾಗಿ ಕಂಡಿತೇನೋ ಎಂದು ಹೊರಗೆ ತೆಗೆದಳು. ಕೈ ಇರುವುದೇ ಒಂದು ಅಪರಾಧವಾಯಿತು.

ಲಾಂಡ್ರಿಯವನು ಹೋಮಿನ ಹಳೆಯ ಆಸಾಮಿ. ಮೈಲಿಗೆ ಬಟ್ಟೆಯ ಗಾಡಿ ತಳ್ಳುತ್ತ ಸುದ್ದಿಯನ್ನೂ ತಳ್ಳುವವನು. ಅವನು ಕಾರಿಡಾರಿನಲ್ಲಿ ಅವಳನ್ನು ತಡೆದ.

"ಅಕ್ಕ, ಕೊನೇ ರೂಮಿನ ಬೆಡ್‌ಶೀಟ್ ಬೇರೆ ಇಡು ಅಂದಿದಾರೆ ಮೇಟ್ರನ್ನು. ಒಗೆಯೋಕೆ ಮುಂಚೆ ನನಗೆ ತೋರಿಸು ಅಂದ್ರು."

"ಯಾಕಂತೆ?"

"ನನ್ನ ಕೇಳಿದ್ರೆ? ನಾನು ಕಲೆ ತೆಗೆಯೋನು, ಕಾರಣ ತೆಗೆಯೋನಲ್ಲ." ಗಾಡಿ ತಳ್ಳಿಕೊಂಡು ಹೊರಟವನು ತಿರುಗಿ ನೋಡಿದ. "ರಕ್ತ ಇದೆಯಾ ಅಂತ ನೋಡ್ತಾರಂತೆ. ನೀನೇನೂ ಮಾಡಿಲ್ಲ ತಾನೇ?"

ಏನೂ ಮಾಡದವರು ಏನೂ ಮಾಡಿಲ್ಲ ಎಂದು ಹೇಗೆ ಹೇಳುತ್ತಾರೆಂದು ಅವಳಿಗೆ ಆ ಕ್ಷಣ ಹೊಳೆಯಲೇ ಇಲ್ಲ.

ಮೇಟ್ರನ್ನಿನ ಕೋಣೆಗೆ ಕರೆ ಬಂದದ್ದು ಅದೇ ವಾರ. ಹೋಮನ್ನು ನಡೆಸುವ ಮೇಟ್ರನ್ ಕೆಟ್ಟವರಲ್ಲ. ಎಲ್ಲರನ್ನೂ ನಂಬಬೇಕೆಂಬ ಆಸೆ ಇದ್ದು, ಯಾರನ್ನೂ ನಂಬಲು ಪುರುಸೊತ್ತಿಲ್ಲದವರು. ಮಗ ಮೇಜಿನ ಪಕ್ಕ ಕೂತಿದ್ದ. ಅವನ ಫೋನು ನೀರಿನ ಲೋಟಕ್ಕೆ ಒರಗಿ ನಿಂತಿತ್ತು.

"ಇದು ನೋಡು" ಅಂದರು ಮೇಟ್ರನ್.

ಫೋನಿನಲ್ಲಿ ಎಕ್ಸ್‌ಚೇಂಜ್ ಅಮ್ಮನ ಕೋಣೆ ಕಂಡಿತು. ಮಂಚ, ಅಮ್ಮ, ಕಿಟಕಿಯ ಪರದೆ. ಒಬ್ಬಳು ಒಳಗೆ ಬಂದು ಬಾಗಿಲು ಮುಚ್ಚಿದಳು. ಬೋಗುಣಿ ಇಟ್ಟಳು. ನೇರ ಎದುರಿಗೆ ಬಂದಳು. ಮುಖ ದೊಡ್ಡದಾಗುತ್ತ ಬಂತು, ತುಟಿಗಳು ಬಿರುಸಾಗಿ ಅಲ್ಲಾಡುತ್ತಿದ್ದವು, ಒಂದು ಕೈ ಚಾಚಿ ಫೋನಿನ ತುಂಬ ಹರಡಿತು. ಕತ್ತಲೆ. ಬಹಳ ಹೊತ್ತು ಕತ್ತಲೆ. ಆಮೇಲೆ ಮತ್ತೆ ಬೆಳಕು, ತಲೆ ಬಾಚಿಸಿಕೊಂಡು ಕಣ್ಣು ಒರೆಸಿಕೊಳ್ಳುತ್ತಿರುವ ಅಮ್ಮ. ಇನ್ನೊಂದು ದಿನದ್ದೂ ಹಾಗೇ. ಮತ್ತೊಂದು ದಿನದ್ದೂ.

ಅದು ತನ್ನ ಮುಖ ಎಂದು ತಿಳಿಯಲು ಅಕ್ಕನಿಗೆ ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಆ ಹೆಂಗಸನ್ನು ಕಂಡು ಅವಳಿಗೇ ಹೆದರಿಕೆಯಾಯಿತು. ಕ್ಯಾಮೆರಾ ಹೊಸ ಫ್ರೇಮಿನಲ್ಲಿತ್ತು, ಯಜಮಾನರ ಕೋಟಿನ ಗುಂಡಿಯ ಹತ್ತಿರ. ಅಗ್ಗದ್ದು. ಕಣ್ಣಿತ್ತು, ಕಿವಿ ಇರಲಿಲ್ಲ. ಅವಳ ಕೆಲಸಕ್ಕೆ ಇದ್ದ ಸಾಕ್ಷಿಯೆಲ್ಲ ಅವಳ ಬಾಯಲ್ಲಿತ್ತು, ಅದು ಫೋನಿನಲ್ಲಿ ಸುಮ್ಮನೆ ತೆರೆದು ಮುಚ್ಚುತ್ತಿತ್ತು. ನೋಡಿದವರಿಗೆ ಬೈಗುಳದಂತೆ ಕಾಣುತ್ತಿತ್ತು.

"ಏನು ಅಂತಿದೀಯ ಅಲ್ಲಿ ನನ್ನ ತಾಯಿಗೆ?" ಮಗ ಕೇಳಿದ. ದನಿ ಎತ್ತರಿಸಲಿಲ್ಲ.

"ಏನು ಮಾಡ್ತೀನಿ ಅಂತ ಹೇಳ್ತಿದೀನಿ ಸಾರ್."

ಅದು ಬಾಯಿಂದ ಬಿದ್ದ ಮೇಲೆ ಹೇಗೆ ಕೇಳಿಸಿತೆಂದು ಗೊತ್ತಾಯಿತು. ಮಗನ ಮುಖ ಬಿಳಿಚಿಕೊಂಡಿತು.

"ಕ್ಯಾಮೆರಾ ಇರೋದು ನಿನಗೆ ಗೊತ್ತಿತ್ತಾ?" ಮೇಟ್ರನ್ ಕೇಳಿದರು.

"ಇಲ್ಲ ಮೇಡಂ."

"ಮತ್ತೆ ಫೋಟೊ ಯಾಕೆ ತಿರುಗಿಸ್ತೀಯ?"

ಅವಳ ಗಂಟಲಿನ ತನಕ ಉತ್ತರ ಬಂತು. ಎದುರಿಗೆ ಮಗ ಕೂತಿದ್ದ. ನನ್ನ ಮಗನಿಗೆ ಹೇಳಬೇಡ ಎಂದು ಪಿಸುಗುಟ್ಟಿದ ಬಾಯಿಯ ವಾಸನೆ ಕೂಡ ಅವಳಿಗೆ ನೆನಪಾಯಿತು.

"ಅಭ್ಯಾಸ ಮೇಡಂ" ಅಂದಳು.

ಇದಕ್ಕಿಂತ ಕೆಟ್ಟ ಉತ್ತರವನ್ನು ವಕೀಲರನ್ನಿಟ್ಟು ಬರೆಸಿದರೂ ಬರೆಸಲಾಗುತ್ತಿರಲಿಲ್ಲ. ಮಗ ಎದ್ದು ನಿಂತ. ಪೊಲೀಸ್ ಎಂಬ ಮಾತು ಕೋಣೆಯಲ್ಲಿ ಒಮ್ಮೆ ಓಡಾಡಿ ಹೋಯಿತು. ಮೇಟ್ರನ್ ಅವನನ್ನು ಕೂರಿಸಿ ತೀರ್ಮಾನ ಹೇಳಿದರು. "ನಾಳೆ ಬೆಳಿಗ್ಗೆ ನೀನು ಎಂದಿನ ಹಾಗೆ ಕೆಲಸ ಮಾಡು. ನಾನು ಒಳಗಿರ್ತೀನಿ. ಇವರು ಬಾಗಿಲ ಹತ್ರ ಇರ್ತಾರೆ. ಫೋಟೊ ಮಾತ್ರ ಇದ್ದ ಹಾಗೇ ಇರಬೇಕು. ಮುಟ್ಟಿದ್ರೆ ಅಲ್ಲಿಗೆ ಮುಗೀತು, ಇನ್ನು ಯಾವ ಹೋಮಿನಲ್ಲೂ ನಿನ್ನನ್ನ ಒಬ್ಬರ ಹತ್ರಾನೂ ಬಿಡಲ್ಲ."

ಆ ಸಂಜೆ ಬೆಂಕಿಪೊಟ್ಟಣ ಅಕ್ಕನ ಕೈಯಿಂದ ಜಾರಿ ಕಡ್ಡಿಗಳೆಲ್ಲ ಅಡುಗೆಮನೆಯ ನೆಲದ ಮೇಲೆ ಚೆಲ್ಲಿದವು. ಗಂಡ ಕುಕ್ಕರಗಾಲಲ್ಲಿ ಕೂತು ಒಂದೊಂದಾಗಿ ಹೆಕ್ಕಿದ. ಉಗುರಿನ ಸಂದಿಯಲ್ಲಿ ಇನ್ನೂ ಹಿಟ್ಟಿತ್ತು.

"ಇದ್ದದ್ದು ಇದ್ದ ಹಾಗೆ ಹೇಳಿಬಿಡು."

"ಮಾತು ತಗೊಂಡಿದಾರೆ."

"ಅವರಿಗೆ ಬೆಳಿಗ್ಗೆ ಕುಡಿದ ಚಹಾ ನೆನಪಿರಲ್ಲ ಅಂತೀಯ. ನಿನ್ನ ಮಾತು ನೆನಪಿರುತ್ತಾ?"

"ಅವರಿಗಿರಲ್ಲ. ನನಗಿದೆಯಲ್ಲ."

ಅವನು ಇನ್ನೊಂದು ಕಡ್ಡಿ ಹೆಕ್ಕಿದ. ಅವಳ ಹೆದರಿಕೆ ಅವಳಿಗಿಂತ ಮುಂದೆ ಓಡುತ್ತಿತ್ತು. ಕೆಲಸ ಹೋಗುತ್ತದೆ, ಹೆಸರು ಹೋಗುತ್ತದೆ, ಮೆಟ್ಟಿಲ ಮೇಲೆ ಜನ ಪಕ್ಕಕ್ಕೆ ಸರಿದು ದಾರಿ ಬಿಡುತ್ತಾರೆ. ಅದೆಲ್ಲದರ ಆಚೆ ಇನ್ನೊಂದು ಹೆದರಿಕೆ ಕೂತಿತ್ತು. ತಾನು ಹೋದ ಮೇಲೆ ಆ ಕೋಣೆಗೆ ಬೇರೆ ಯಾರೋ ಬರುತ್ತಾರೆ. ಒಳ್ಳೆಯವಳೇ ಬರಬಹುದು, ಚುರುಕಾದವಳೇ ಬರಬಹುದು. ಒಂದು ಮಾತೂ ಹೇಳದೆ ಹೊದಿಕೆ ಎಳೆಯುತ್ತಾಳೆ.

"ನಾಳೆ ನಾನು ಜೊತೆಗೆ ಬರಲಾ?" ಗಂಡ ಕೇಳಿದ.

"ನೀನು ಬಂದು ಏನು ಮಾಡ್ತೀಯ? ಬ್ರೆಡ್ ಹಂಚ್ತೀಯಾ?"

ಇಬ್ಬರೂ ನಕ್ಕರು. ನಗು ಒಂದೇ ಸಲಕ್ಕೆ ಖರ್ಚಾಗಿಹೋಯಿತು.

ಬೆಳಿಗ್ಗೆ ಬೋಗುಣಿ ಹಿಡಿದು ಕಾರಿಡಾರಿನಲ್ಲಿ ನಡೆದಾಗ ನೀರು ತುಳುಕಿ ಅವಳ ಚಪ್ಪಲಿ ಒದ್ದೆಯಾಯಿತು. ಲಾಂಡ್ರಿಯವನು ಗಾಡಿಯನ್ನು ಗೋಡೆಗೆ ಒತ್ತಿ ದಾರಿ ಬಿಟ್ಟ.

ಕೊನೆಯ ಕೋಣೆಯಲ್ಲಿ ಮೇಟ್ರನ್ ಕಿಟಕಿಯ ಹತ್ತಿರ ಕೈಕಟ್ಟಿ ನಿಂತಿದ್ದರು. ಮಗ ಬಾಗಿಲ ಒಳಗೆ, ಅದರ ಪರದೆಯ ಅಂಚಿನಲ್ಲಿದ್ದ. ಎದುರಿನ ಮೇಜಿನ ಮೇಲೆ ಯಜಮಾನರು ಕಪ್ಪು ಫ್ರೇಮಿನಿಂದ ನೇರ ಮಂಚವನ್ನೇ ನೋಡುತ್ತಿದ್ದರು.

ಅಕ್ಕ ನೀರಿಗೆ ಮೊಣಕೈ ಅದ್ದಿ ನೋಡಿದಳು. ಬಿಸಿಯೋ ತಣ್ಣಗೋ ತಿಳಿಯಲಿಲ್ಲ. ಇನ್ನೊಮ್ಮೆ ಅದ್ದಿದಳು. "ಅಮ್ಮ, ನಾನು. ಈಗ... ಈಗ ಹೊದಿಕೆ ಸರಿಸ್ತೀನಿ."

ಅಮ್ಮ ಹೊದಿಕೆಯನ್ನು ಬಿಗಿಯಾಗಿ ಹಿಡಿದರು. ಕಣ್ಣು ಮೇಜಿನ ಕಡೆ ಹೋಯಿತು. "ಅವರಿದಾರೆ" ಅಂದರು.

"ಸ್ವಲ್ಪ ಹೊತ್ತಮ್ಮ."

"ಅವರು ನೋಡ್ತಿದಾರೆ. ಬೇಡ. ಲೈನು ಕಟ್ ಮಾಡಿ. ಕಟ್ ಮಾಡಿ." ದನಿ ಏರಿತು. ಕಾಲುಗಳು ಹೊದಿಕೆಯ ಕೆಳಗೆ ಒದ್ದಾಡಿದವು. ಮಗ ಒಂದು ಹೆಜ್ಜೆ ಮುಂದೆ ಬಂದ. ಬಾಗಿಲ ಆಚೆ ನಿಂತು ಕೇಳಿಸಿಕೊಂಡಿದ್ದ ಕೂಗು ಇದೇ. ಮೇಟ್ರನ್ ಅಕ್ಕನನ್ನು ನೋಡಿದರು, ಅಕ್ಕ ಫೋಟೊವನ್ನು ನೋಡಿದಳು. ಅದನ್ನು ಮುಟ್ಟದೆ ಈ ಹೆಂಗಸನ್ನು ತೊಳೆಯಬಹುದಿತ್ತು. ಕೈಗಳನ್ನು ಹಿಡಿದು, ಹೊದಿಕೆ ಕಿತ್ತು, ಬೇಗ ಮುಗಿಸಬಹುದಿತ್ತು. ಕೈಗಳಿಗೆ ಅಷ್ಟು ಬಲವೂ ಇತ್ತು.

ಅಕ್ಕ ಮೇಜಿನ ಹತ್ತಿರ ನಡೆದಳು.

"ಅಮ್ಮ" ಅಂದಳು, ದನಿ ಒಡೆದು ಎರಡು ಹೋಳಾಗಿತ್ತು, "ಈಗ ಯಜಮಾನರನ್ನ ಗೋಡೆ ಕಡೆ ತಿರುಗಿಸ್ತೀನಿ."

ತಿರುಗಿಸಿದಳು. ಯಾರೂ ಏನೂ ಅನ್ನುವ ಮೊದಲೇ ಅಮ್ಮನ ಕೂಗು ನಿಂತಿತು. ಮುಷ್ಟಿ ಸಡಿಲಾಯಿತು. ಹೊದಿಕೆ ಎದೆಯ ಮೇಲಿಂದ ತಾನಾಗಿ ಸ್ವಲ್ಪ ಜಾರಿತು. ಅಮ್ಮ ನಿಟ್ಟುಸಿರು ಬಿಟ್ಟು ತಲೆ ಹೊರಳಿಸಿದರು. ಹೊರಳಿಸಿದ ಕಡೆ ಮಗ ನಿಂತಿದ್ದ, ಅದೇ ಹುಬ್ಬು, ಅದೇ ಮುಖ.

"ಅಯ್ಯೋ, ಇವರು ಹೊರಗೆ ಬಂದಿದಾರೆ" ಎಂದು ಅಮ್ಮ ಪಿಸುಗುಟ್ಟಿದರು. ಹೊದಿಕೆ ಮತ್ತೆ ಗಲ್ಲಕ್ಕೆ ಹೋಯಿತು. "ಇವರನ್ನೂ ತಿರುಗಿಸೇ. ನಾನು ಒದ್ದೆ ಮಾಡ್ಕೊಂಡಿರೋದು ಇವರಿಗೆ ಗೊತ್ತಾಗಬಾರದು. ಇವರಿಗೆ ಹೇಳಬೇಡ ಅಂದಿದ್ದೆನಲ್ಲ ನಿನಗೆ."

"ಹೇಳಿಲ್ಲ ಅಮ್ಮ" ಅಂದಳು ಅಕ್ಕ.

ಮಗ ಫೋಟೊದ ಬೆನ್ನನ್ನು ನೋಡಿದ, ತಾಯಿಯನ್ನು ನೋಡಿದ. ಏನೋ ಹೇಳಲು ಬಾಯಿ ತೆರೆದ. ಅದು ಸುಮ್ಮನೆ ತೆರೆದು ಮುಚ್ಚಿತು.

ಅಕ್ಕ ಅವನ ಮುಂದೆ ಬಂದು ನಿಂತಳು. ಜೀವಮಾನದಲ್ಲಿ ಅವಳು ಯಾರಿಗೂ ಅಷ್ಟು ಹೆದರಿರಲಿಲ್ಲ, ಅದಕ್ಕೇ ತನಗೆ ಗೊತ್ತಿದ್ದ ಒಂದೇ ದಾರಿ ಹಿಡಿದಳು. "ಸಾರ್, ಈಗ ನಿಮ್ಮ ಭುಜ ಮುಟ್ತೀನಿ. ಗೋಡೆ ಕಡೆ ತಿರುಗಿಸ್ತೀನಿ. ನಿಧಾನ."

ಅವಳ ಕೈ ಭುಜಕ್ಕೆ ತಾಗಿದಾಗ ಅವನು ತಿರುಗಿದ. ಮೂಗು ಗೋಡೆಯಿಂದ ಒಂದು ಗೇಣು ದೂರ. ಪಕ್ಕದ ಮೇಜಿನ ಮೇಲೆ ತಂದೆ, ಅವರೂ ಗೋಡೆಗೆ ಮುಖ ಮಾಡಿ. ಕ್ಲಾಸಿನಲ್ಲಿ ತುಂಟತನ ಮಾಡಿ ಸಿಕ್ಕಿಬಿದ್ದ ಇಬ್ಬರು ಹುಡುಗರ ಹಾಗೆ. ಮೇಟ್ರನ್ ಕೈಕಟ್ಟು ಬಿಡಿಸಿ ಮಂಚ ಸುತ್ತಿ ಬಂದರು. ಪರದೆ ಎಳೆದರು. ಹೊರಗೆ ಹೋಗಿ ಬಾಗಿಲು ಮುಚ್ಚಿಕೊಂಡರು. "ಯಾರೂ ಒಳಗೆ ಹೋಗಬೇಡಿ, ಅಕ್ಕ ಕೆಲಸ ಮಾಡ್ತಿದಾಳೆ" ಎಂದು ಯಾರಿಗೋ ಹೇಳಿದ್ದು ಕೇಳಿಸಿತು. ಬಹುಶಃ ಗಾಡಿ ನಿಲ್ಲಿಸಿಕೊಂಡು ಕಿವಿ ಕೊಟ್ಟಿದ್ದವನಿಗೆ.

ಮಗ ಏನನ್ನೂ ನೋಡಲಿಲ್ಲ. ಎಲ್ಲವನ್ನೂ ಕೇಳಿದ.

"ಈಗ ಹೊದಿಕೆ ಸರಿಸ್ತೀನಿ, ಅರ್ಧ ಮಾತ್ರ. ಈಗ ಬಿಸಿ ಬಟ್ಟೆ ಬರುತ್ತೆ. ಹಿತವಾಗಿದೆಯಾ?"

"ಯಾರು ಮಾತಾಡ್ತಿರೋದು?"

"ನಾನೇ ಅಮ್ಮ. ಈಗ ಮುಂದೆ. ಆಯ್ತು. ಈಗ ಬೇರೆ ಬಟ್ಟೆ. ಈಗ ಎಡಗಡೆ ಹೊರಳ್ತೀವಿ, ನನ್ನ ತೋಳು ಹಿಡ್ಕೊಳ್ಳಿ."

"ಬೀಳ್ತೀನಿ. ಬಿಡಿ ನನ್ನ."

"ಬಿಟ್ರೆ ಬೀಳ್ತೀರಿ, ಅದಕ್ಕೇ ಬಿಡಲ್ಲ. ನೋಡಿ, ಬಿದ್ರಾ? ಇಲ್ಲ. ಈಗ ಹಿಂದೆ. ಈಗ ಒಣ ಬಟ್ಟೆ, ಮಡಿಕೆಗಳಲ್ಲೆಲ್ಲ. ಈಗ ಸ್ವಲ್ಪ ಕ್ರೀಮು, ತಣ್ಣಗಿರುತ್ತೆ, ಬೈಕೋಬೇಡಿ."

ತಣ್ಣಗಾದಾಗ ಅಮ್ಮ ಒಮ್ಮೆ ಕೂಗಿದರು. ಗೋಡೆಯ ಹತ್ತಿರದ ಬೆನ್ನು ಒಮ್ಮೆ ಬಿಗಿಯಿತು, ಆಮೇಲೆ ಸಡಿಲಿತು. ಅವನ ಕೈ ಮೇಜಿನ ಮೇಲೆ ತಡವಿಕೊಂಡು ಹೋಗಿ ಕಪ್ಪು ಫ್ರೇಮನ್ನು ಹುಡುಕಿತು. ಹಿಂಬದಿಯ ಮುಚ್ಚಳ ತೆರೆದ ಟಕ್ ಎಂಬ ಸದ್ದಾಯಿತು. ಅಕ್ಕ ಆ ಸದ್ದಿಗೂ ಬೆಚ್ಚಿದಳು. ಸಣ್ಣದೊಂದು ಬ್ಯಾಟರಿ ಅವನ ಅಂಗಿಯ ಜೇಬಿಗೆ ಇಳಿಯಿತು. ಫ್ರೇಮನ್ನು ಅವನು ಮೊದಲಿದ್ದ ಹಾಗೆಯೇ, ಗೋಡೆಗೆ ಮುಖ ಮಾಡಿ, ಇಟ್ಟ.

"ಆಯ್ತಾ?" ಎಂದು ಕೇಳಿದ. ತಿರುಗಲಿಲ್ಲ. ದನಿ ಗೋಡೆಗೆ ತಾಗಿ ಮೆತ್ತಗಾಗಿ ಬಂತು. ಅಕ್ಕ ಪ್ಯಾಡಿನ ಅಂಟು ಬಿಡಿಸುತ್ತಿದ್ದಳು, ಅದು ಅವಳ ಬೆರಳಿಗೇ ಅಂಟಿಕೊಂಡಿತ್ತು. ಅವಳು ಉತ್ತರ ಕೊಡುವ ಮೊದಲೇ ಮಂಚದ ಮೇಲಿಂದ ಬೇರೊಂದು ದನಿ ಬಂತು. ಸ್ಪಷ್ಟ, ಚುರುಕು, ದಿನವಿಡೀ ಊರಿಗೆ ಉತ್ತರ ಕೊಟ್ಟ ದನಿ.

"ಇನ್ನೂ ಇಲ್ಲ" ಅಂದರು ಎಕ್ಸ್‌ಚೇಂಜ್ ಅಮ್ಮ. "ದಯವಿಟ್ಟು ಲೈನಿನಲ್ಲೇ ಇರಿ."